ಒಲಿವೆಣ್ಣೆ

ನನ್ನ ಅಣ್ಣ ಕುಶಾಲಪ್ಪ ಹೆಂಡತಿಗೆ ಹೊಡೆಯಲೆಂದೇ ರಬ್ಬರ್ ಶೀಟಿನ ಒಂದು ಪಟ್ಟಿ ಕತ್ತರಿಸಿ ಇಟ್ಟುಕೊಂಡಿದ್ದ. ಎರಡು ಬೆರಳು ಅಗಲ, ಒಂದೂವರೆ ಮೊಳ ಉದ್ದ. ಶೀಟು ಒಣಗಿಸುವ ಹೊಗೆಮನೆಯ ಬಾಗಿಲಿನ ಮೊಳೆಯಲ್ಲಿ ಅದು ನೇತಾಡುತ್ತಿತ್ತು. ಬೆತ್ತದಿಂದ ಹೊಡೆದರೆ ಚರ್ಮ ಒಡೆಯುತ್ತದೆ. ರಬ್ಬರಿನಿಂದ ಹೊಡೆದರೆ ಒಡೆಯುವುದಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿ ನೀಲಿಯಾಗುತ್ತದೆ. ಸೇವಂತಿ ಅತ್ತಿಗೆ ಐವರ್ನಾಡಿನ ನಮ್ಮ ಮನೆಗೆ ಮದುವೆಯಾಗಿ ಬಂದು ಆರು ವರ್ಷವಾಗಿತ್ತು. ಅಷ್ಟರಲ್ಲಿ ಅಣ್ಣ ಮೂರು ಸಲ ಹೊಸ ಪಟ್ಟಿ ಕತ್ತರಿಸಿದ್ದನ್ನು ನಾನು ನೋಡಿದ್ದೆ.

ನೋಡುವುದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಅವನು ಹೊಡೆಯುವಾಗ ನಾನು ಸೀತುವನ್ನು, ಅಂದರೆ ಅವರ ನಾಲ್ಕು ವರ್ಷದ ಮಗಳನ್ನು, ಎತ್ತಿಕೊಂಡು ದನದ ಹಟ್ಟಿಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿಂದಲೂ ಪೆಟ್ಟಿನ ಸದ್ದು ಕೇಳುತ್ತಿತ್ತು. ಅತ್ತಿಗೆಯ ಸ್ವರ ಕೇಳುತ್ತಿರಲಿಲ್ಲ. ಅವಳು ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದಳು.

ಎಂಬತ್ತಮೂರರ ನವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ, ಹೊಡೆಯಲು ಎತ್ತಿದ ಅಣ್ಣನ ಕೈ ಎತ್ತಿದಲ್ಲೇ ನಿಂತಿತು. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ಅವನನ್ನು ಎತ್ತಿ ಬಸ್ಸಿಗೆ ಹಾಕಿದವಳು, ಆ ಪೆಟ್ಟು ಬೀಳಬೇಕಾಗಿದ್ದ ಅತ್ತಿಗೆಯೇ.

ಪುತ್ತೂರಿನ ಡಾಕ್ಟರು ಮೂರು ದಿನ ಮಲಗಿಸಿಕೊಂಡು ಕಳುಹಿಸುವಾಗ ಹೇಳಿದರಂತೆ: "ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ಮುಟ್ಟುದು ಕಷ್ಟ. ಹಂದಿ ಮಾಂಸ ಬಿಡಬೇಕು, ಸಾರಾಯಿ ಬಿಡಬೇಕು, ಎಣ್ಣೆಯಲ್ಲಿ ಕರಿದದ್ದು ಮೂಸಿ ಸಹ ನೋಡಬಾರದು. ಸೊಪ್ಪು ತಿನ್ನಿ."

ಅಣ್ಣನಿಗೆ ಗುಡ್ಡೆ ಹತ್ತಲಿಕ್ಕೆ ಆಗುತ್ತಿರಲಿಲ್ಲ. ಹಾಲಿಗಾಗಿ ರಬ್ಬರ್ ಮರದ ತೊಗಟೆ ಕೊಯ್ಯುವ ಕೆಲಸ ಅತ್ತಿಗೆಗೂ ನನಗೂ ಬಂತು. ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್ ಕತ್ತಿ ಹಿಡಿದು ಹೊರಡುತ್ತಿದ್ದೆವು. ಒಂದು ದಿನ ಮರಕ್ಕೆ ಹಾಲು ಹಿಡಿಯುವ ಗೆರಟೆ ಸಿಕ್ಕಿಸುತ್ತಾ ಕೇಳಿದೆ, "ಅತ್ತಿಗೆ, ಅಣ್ಣ ಬದುಕಲಿ ಅಂತ ನೀನು ಯಾಕೆ ಇಷ್ಟು ಹರಕೆ ಹೇಳುದು?"

ಅವಳು ಕತ್ತಿ ನಿಲ್ಲಿಸಲಿಲ್ಲ. "ಇವರು ಸತ್ತರೆ ನನ್ನನ್ನು ಈ ಮನೆಯಲ್ಲಿ ಎಷ್ಟು ದಿನ ಇಡ್ತಾರೆ? ನಿನ್ನ ಮಾವ ಮೈಲಪ್ಪ ಬಂದು ನನ್ನನ್ನೂ ಸೀತುವನ್ನೂ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗ್ತಾರೆ. ತವರಿನಲ್ಲಿ ಬಾಗಿಲು ತೆಗೀಲಿಕ್ಕೆ ಯಾರಿದ್ದಾರೆ? ಪೆಟ್ಟು ನನಗೆ ಅಭ್ಯಾಸ ಆಗಿದೆ ಮಾರಾಯ್ತಿ. ಬೀದಿ ಅಭ್ಯಾಸ ಇಲ್ಲ."

ನಮ್ಮ ತೋಟದ ಕೆಳಗಿನ ಬ್ಯಾರಿಗಳ ಮನೆ ನೆಬೀಸಕ್ಕನದ್ದು. ಅವಳ ತಮ್ಮ ಕುಂಞಿ ಮೋನು ಸೌದಿಯಲ್ಲಿ ಐದು ವರ್ಷ ಇದ್ದು ಆಗಷ್ಟೇ ಬಂದು ಒಂದು ಹಳೆಯ ಜೀಪು ಇಟ್ಟುಕೊಂಡಿದ್ದ. ಅಲ್ಲಿ ಅವನು ಇಟಲಿಯ ರಸ್ತೆ ಕಂಪೆನಿಯವರ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದವನು. ಅಣ್ಣನ ವಿಷಯ ಕೇಳಿ ಒಂದು ಸಂಜೆ ಬೇಲಿಯ ಹತ್ತಿರ ಬಂದ. ಕೈಯಲ್ಲಿ ಹಸಿರು ಬಣ್ಣದ ತಗಡಿನ ಡಬ್ಬಿ ಇತ್ತು. ಮೇಲೆ ಅರಬಿ, ಇಂಗ್ಲಿಷು ಅಕ್ಷರ, ಕಾಯಿ ಬಿಟ್ಟ ಒಂದು ಮರದ ಗೆಲ್ಲಿನ ಚಿತ್ರ.

"ಅಲ್ಲಿ ಆ ಇಟಲಿಯವರ ಅರವತ್ತು ವರ್ಷದ ಅಜ್ಜಂದಿರು ಕ್ರೇನು ಹತ್ತುತ್ತಾರೆ," ಎಂದ. "ನಮ್ಮಲ್ಲಿ ನಲವತ್ತಕ್ಕೆ ಕಟ್ಟೆಯಲ್ಲಿ ಕೂತು ಸೊಂಟ ಹಿಡಿದುಕೊಳ್ಳುದು! ಅವರು ಇದನ್ನು ನೀರಿನ ಹಾಗೆ ಸುರಿದುಕೊಳ್ತಾರೆ. ಒಂದು ಹಸಿರು ಚಟ್ನಿ ಮಾಡ್ತಾರೆ, ಒಲೆಗೆ ಇಡುದೇ ಇಲ್ಲ. ಸೊಪ್ಪು, ಬೆಳ್ಳುಳ್ಳಿ, ಎಂತದೋ ಒಂದು ಬೀಜ, ಈ ಎಣ್ಣೆ. ಅವರದ್ದು ಒಂದು ನಾರುವ ಗಿಣ್ಣು ಸಹ ಉಂಟು, ಅದು ನಮಗೆ ಬೇಡ. ನಾನೇ ಎಷ್ಟು ಕುಟ್ಟಿದ್ದೇನೆ ಅಂತ! ಆ ಸೊಪ್ಪು ನಮ್ಮ ಕಾಮಕಸ್ತೂರಿಯ ವಾಸನೆಯೇ. ಬೀಜಕ್ಕೆ ಗೇರುಬೀಜ ಹಾಕಿದರಾಯ್ತು."

"ಎಣ್ಣೆ ಯಾವುದು ಬ್ಯಾರಿಗಳೇ?" ಎಂದಳು ಅತ್ತಿಗೆ.

"ಒಲಿವೆಣ್ಣೆ. ಒಂದು ಚಮಚ ಬರೇ ಕುಡಿದು ನೋಡಿ. ಗಂಟಲು ಕೆರೆದು ಕೆಮ್ಮು ಬರಬೇಕು. ಕೆಮ್ಮು ಬಂದರೆ ಒಳ್ಳೆ ಎಣ್ಣೆ, ಬಾರದಿದ್ದರೆ ಕಲಬೆರಕೆ. ಆ ಮುದುಕರು ಕಲಿಸಿದ್ದು."

ಅತ್ತಿಗೆ ಕುಡಿದು ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಕುಂಞಿ ಮೋನು, "ಹಾಂ, ಅಸಲು!" ಎಂದು ನಕ್ಕು ಡಬ್ಬಿಯನ್ನು ಅವಳ ಕೈಗೆ ಕೊಟ್ಟ.

ಮುಂದಿನ ವಾರ ಅಣ್ಣನನ್ನು ಪುತ್ತೂರಿಗೆ ಕರೆದುಕೊಂಡು ಹೋದಾಗ ಅವಳು ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದಳು. ಡಾಕ್ಟರು ಮುಚ್ಚಳ ತೆಗೆದು ಮೂಸಿ, "ಇದು ನಿಮ್ಮ ಊರಿಗೆ ಹೇಗೆ ಬಂತು? ಹೃದಯಕ್ಕೆ ಒಳ್ಳೇದು. ಕಾಯಿಸಬೇಡಿ, ಹಸಿಯೇ ಕೊಡಿ, ದಿನಕ್ಕೆ ಎರಡು ಚಮಚ" ಎಂದರು.

ಅಂದಿನಿಂದ ದಿನವೂ ಬೆಳಿಗ್ಗೆ ಅತ್ತಿಗೆ ಕಡೆಯುವ ಒರಳುಕಲ್ಲಿನ ಮುಂದೆ ಕೂರುತ್ತಿದ್ದಳು. ಮೊದಲು ಬೆಳ್ಳುಳ್ಳಿ, ಉಪ್ಪು, ಗೇರುಬೀಜ. ಅದು ನುಣ್ಣಗಾದ ಮೇಲೆ ಒಂದು ಮುಷ್ಟಿ ಕಾಮಕಸ್ತೂರಿ. ಕೊನೆಗೆ ಎಣ್ಣೆ, ನೂಲಿನಷ್ಟು ಸಣ್ಣಗೆ. ಅಣ್ಣ ಎರಡು ದಿನ ತಟ್ಟೆ ಎಸೆದ. ಒಂದು ಸಲ ಅದು ಅವಳ ಹುಬ್ಬಿಗೆ ತಾಗಿ ಸೀಳಿತು. ರಕ್ತ ಒರೆಸಿಕೊಂಡು ಇನ್ನೊಂದು ತಟ್ಟೆ ತಂದಿಟ್ಟಳು. ಮೂರನೇ ದಿನ ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಕಲಸಿ ತಿಂದ, ಕೆಮ್ಮಿದ, ಮತ್ತೆ ಬಡಿಸು ಎಂದ.

ಎರಡು ತಿಂಗಳಿಗೆ ಅವನು ಗುಡ್ಡೆಯ ಅರ್ಧದವರೆಗೆ ಏದುಸಿರಿಲ್ಲದೆ ಹತ್ತಿದ. ಸಾರಾಯಿ ಬಿಟ್ಟದ್ದಕ್ಕೋ ಏನೋ, ಬೆಳಿಗ್ಗೆ ಎದ್ದಾಗ ಕಣ್ಣು ಕೆಂಪಗಿರುತ್ತಿರಲಿಲ್ಲ. ಪಟ್ಟಿ ಮೊಳೆಯಲ್ಲೇ ಧೂಳು ಹಿಡಿಯಿತು. ಒಂದು ದಿನ ಅತ್ತಿಗೆಯನ್ನು ಸುಳ್ಯಕ್ಕೆ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಕೂರಿಸಿ ಗೋಳಿಬಜೆ ತಿನ್ನಿಸಿದನಂತೆ. ಅವಳು ತಿನ್ನುವುದನ್ನು ತಾನು ಸುಮ್ಮನೆ ನೋಡುತ್ತಾ ಕೂತಿದ್ದನಂತೆ.

ಅಮ್ಮನಿಗೆ ನಿದ್ದೆ ಹಾರಿದ್ದು ಆಗ.

ಅಮ್ಮನ ಹೆಸರು ಪೂವಮ್ಮ. ತೀರಿಹೋದ ಅಪ್ಪನಿಂದ ಅವಳೂ ಪೆಟ್ಟು ತಿಂದವಳೇ. ಗಂಡಸು ಹೊಡೆಯುವುದು ಅವಳಿಗೆ ವಿಶೇಷವಲ್ಲ, ಹೊಡೆಯದಿರುವುದು ವಿಶೇಷ. ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು, "ಗೂಡೆ, ಮಗಳೇ, ನೀನು ಅವಳ ಹಿಂದೆಯೇ ತಿರುಗುತ್ತೀಯಲ್ಲ. ಆ ಹಸಿರಿಗೆ ಎಂತೆಲ್ಲ ಹಾಕ್ತಾಳೆ?"

"ಬೆಳ್ಳುಳ್ಳಿ, ಗೇರುಬೀಜ, ಕಾಮಕಸ್ತೂರಿ."

"ಕಾಮಕಸ್ತೂರಿ," ಎಂದಳು ಅಮ್ಮ ನಿಧಾನವಾಗಿ. "ಎಣ್ಣೆ?"

"ಒಲಿವೆಣ್ಣೆ."

"ಎಂತ?"

"ಒಲಿವ ಎಣ್ಣೆ," ಎಂದೆ ಬಿಡಿಸಿ. ನನಗೆ ಕೇಳಿಸಿದ್ದು ಹಾಗೆಯೇ. ಡಬ್ಬಿಯ ಇಂಗ್ಲಿಷು ಓದುವಷ್ಟು ನಾನು ಕಲಿತಿರಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದೆ. ತಿಂದರೆ ಮೈಗೆ ಒಲಿಯುವ ಎಣ್ಣೆ ಇರಬಹುದು ಎಂದುಕೊಂಡಿದ್ದೆ. ಅಮ್ಮ ಕೇಳಿದ ರೀತಿಗೆ ಆ ಶಬ್ದದ ಇನ್ನೊಂದು ಮುಖ ನನಗೂ ಕಂಡಿತು. ಯಾರು ಯಾರಿಗೆ ಒಲಿಯಲು? ಬಾಯಿ ಮುಚ್ಚಿಕೊಂಡೆ. ಆದರೆ ಹೇಳಿ ಆಗಿತ್ತು.

ನಮ್ಮ ಕಡೆ ಕೈಮದ್ದಿಗೆ ಹೆದರದವರಿಲ್ಲ. ಅನ್ನದಲ್ಲಿ, ಪಾಯಸದಲ್ಲಿ ಬೆರೆಸಿ ಕೊಟ್ಟರೆ ತಿಂದವನು ಕೊಟ್ಟವಳ ಮಾತು ಮೀರುವುದಿಲ್ಲ, ಅವಳು ಹೇಳಿದಷ್ಟೇ ಕೇಳುತ್ತಾನೆ, ಒಳಗಿಂದ ಒಣಗಿ ಸಾಯುತ್ತಾನೆ ಎಂದು ಹೇಳುತ್ತಾರೆ. ಕಾರಿಸಿ ತೆಗೆಸಬೇಕು. ತೆಗೆಯುವವರೂ ಇದ್ದಾರೆ.

ಅಮ್ಮ ತನ್ನ ತಮ್ಮ ಮೈಲಪ್ಪ ಮಾವನಿಗೆ ಹೇಳಿ ಕಳುಹಿಸಿದಳು. ಅವರು ಮುಂದಿನ ಭಾನುವಾರ ಕಡಬದ ಕಡೆಯ ಡೊಂಬಯ್ಯ ಎಂಬವನನ್ನು ಜೊತೆಗೆ ಕರೆದುಕೊಂಡು ಬಂದರು. ಡೊಂಬಯ್ಯನ ಹೆಗಲ ಚೀಲದಲ್ಲಿ ಕಾರೆಕಾಯಿ ತುಂಬಿತ್ತು. ಅದರ ಕಷಾಯ ಕುಡಿದರೆ ಎಂಥವನೂ ಕಾರುತ್ತಾನೆ.

ಅಣ್ಣ ಆಗಷ್ಟೇ ಊಟ ಮುಗಿಸಿ ಜಗಲಿಯಲ್ಲಿ ಕೂತಿದ್ದ. ಮೊದಲು ನಕ್ಕ. "ನಿಮಗೆ ಬೇರೆ ಕೆಲಸ ಇಲ್ಲವಾ ಮಾವ?"

"ಕೆಲಸ ನಿನಗೆ ಇಲ್ಲದ್ದು," ಎಂದರು ಮಾವ. "ಹೆಂಡತಿಗೆ ಗೋಳಿಬಜೆ ತಿನ್ನಿಸಲಿಕ್ಕೆ ಸುಳ್ಯಕ್ಕೆ ಹೋಗುವ ಗಂಡಸು ನಮ್ಮ ಕುಟುಂಬದಲ್ಲಿ ಇದ್ದದ್ದು ನಾನು ಕಾಣೆ. ಪೇಟೆಯಲ್ಲಿ ನಗಾಡ್ತಾರೆ."

ಅಣ್ಣನ ನಗು ನಿಂತಿತು. ಡೊಂಬಯ್ಯ ಅವನ ಎದುರು ಕುಕ್ಕರಗಾಲಿನಲ್ಲಿ ಕೂತು ಡಾಕ್ಟರರ ಹಾಗೆ ಕೇಳಿದ.

"ಅದನ್ನು ತಿಂದ ಕೂಡಲೇ ಗಂಟಲು ಕೆರೆಯುದುಂಟಾ?"

"ಉಂಟು."

"ಕೆಮ್ಮು?"

"ಉಂಟು."

"ಹೆಂಡತಿಯ ಮೇಲೆ ಮೊದಲಿನ ಹಾಗೆ ಕೋಪ ಬರ್ತದಾ?"

ಅಣ್ಣ ಅಡಿಗೆಮನೆಯ ಕಡೆ ನೋಡಿದ. "ಈಗೀಗ ಕಮ್ಮಿ," ಎಂದ. ಹಾಗೆನ್ನುವಾಗ ಅವನ ಮುಖದಲ್ಲಿ ಹೆದರಿಕೆ ಹುಟ್ಟಿದ್ದು ನನಗೆ ಕಂಡಿತು.

ಅತ್ತಿಗೆ ಒಳಗಿಂದ ಓಡಿ ಬಂದಳು. "ಬೇಡ, ಕಾರಿಸಬೇಡಿ! ಡಾಕ್ಟ್ರು ಆಯಾಸ ಆಗಬಾರದು ಅಂತ ಹೇಳಿದ್ದಾರೆ. ಎದೆ ತಡೆಯುದಿಲ್ಲ." ಮಾವ ಅವಳ ಜಡೆ ಹಿಡಿದು ಹಿಂದಕ್ಕೆ ಎಳೆದು ಗೋಡೆಗೆ ಅಪ್ಪಳಿಸಿದರು. "ಕಂಡಿರಾ? ಹೊರಗೆ ಬರ್ತದೆ ಅಂತ ಹೆದರಿಕೆ ಇವಳಿಗೆ."

ಡೊಂಬಯ್ಯ ಕಾಯಿಸಿ ಕೊಟ್ಟ ಕಷಾಯವನ್ನು ಅಣ್ಣ ಎರಡು ಲೋಟ ಕುಡಿದ. ಕಾಲು ಗಂಟೆಯೊಳಗೆ ಅಂಗಳದಲ್ಲಿ ಮಂಡಿಯೂರಿ ಕಾರತೊಡಗಿದ. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು, ಕಣ್ಣು ಹೊರಗೆ ಬಂದವು. ಮೊದಲು ನೀರು, ಆಮೇಲೆ ಅನ್ನ, ಅದರ ಜೊತೆ ಹಸಿರು. ಎಣ್ಣೆಯ ಹೊಳಪಿನ ಹಸಿರು ಮಣ್ಣಿನ ಮೇಲೆ ಹರಿಯಿತು.

"ಅಗೋ!" ಎಂದ ಡೊಂಬಯ್ಯ. ಅಮ್ಮ ಎದೆ ಬಡಿದುಕೊಂಡಳು.

ಒಂದು ಗಂಟೆ ಮೊದಲು ಉಂಡದ್ದು ಅದು, ಹಸಿರಲ್ಲದೆ ಇನ್ನೇನು ಬರಬೇಕು ಎಂದು ನನ್ನ ಬಾಯಿಯವರೆಗೆ ಬಂತು. 

ಅಣ್ಣ ಬಾಯಿ ಒರೆಸಿಕೊಳ್ಳದೆ ಎದ್ದು ಹೊಗೆಮನೆಗೆ ಹೋದ. ಪಟ್ಟಿ ತಂದ. ಮೊದಲ ಪೆಟ್ಟು ಅತ್ತಿಗೆಯ ಕೆನ್ನೆಗೆ, ಎರಡನೆಯದು ಕಿವಿಗೆ. ಅವಳು ಅಡಿಗೆಮನೆಗೆ ಓಡಿದಳು, ಅವನು ಹಿಂದೆಯೇ ಹೋದ. ಬೆನ್ನು, ತೋಳು, ಹೊಟ್ಟೆ ಎಂದು ನೋಡದೆ ಬಾರಿಸಿದ. ಈ ಸಲ ಅವಳು ಸೆರಗು ಕಚ್ಚಿಕೊಳ್ಳಲಿಲ್ಲ, ಕೂಗಿದಳು: "ನೀವು ಬದುಕಲಿ ಅಂತ ಕಡೆದದ್ದು! ಬದುಕಲಿ ಅಂತ!"

"ಯಾವ ಕೈಯಲ್ಲಿ ಕಡೆದೆ?" ಎಂದ ಅಣ್ಣ.

ಅವಳ ಬಲಗೈಯನ್ನು ಎಳೆದು ಕಡೆಯುವ ಕಲ್ಲಿನ ಅಂಚಿಗೆ ಒತ್ತಿದ. ಮಾವ ಅವಳ ಭುಜ ಅದುಮಿ ಹಿಡಿದರು. ಅಣ್ಣ ಕಲ್ಲಿನ ಗುಂಡನ್ನು ಎರಡೂ ಕೈಯಲ್ಲಿ ಎತ್ತಿ ಬೆರಳುಗಳ ಮೇಲೆ ಹಾಕಿದ. ಹಸಿ ಕಡ್ಡಿ ಮುರಿದಂತೆ ಸದ್ದಾಯಿತು. ಮತ್ತೊಮ್ಮೆ ಎತ್ತಿದ. ಎರಡನೇ ಸಲ ಸದ್ದು ಬರಲಿಲ್ಲ. ಅತ್ತಿಗೆಯ ಕಿರುಬೆರಳೂ ಉಂಗುರದ ಬೆರಳೂ ಚಪ್ಪಟೆಯಾಗಿ, ಉಗುರು ಎಲ್ಲಿತ್ತು ಎಂದು ತಿಳಿಯದ ಹಾಗಾದವು.

ಮೂರನೇ ಸಲ ಅವನಿಗೆ ಗುಂಡು ಎತ್ತಲಾಗಲಿಲ್ಲ. ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಅವನು ಗೋಡೆಗೆ ಒರಗಿ ಕೆಳಗೆ ಜಾರಿದ. ಅದೇ ಬೂದಿಯ ಬಣ್ಣ. ತುಟಿ ನೀಲಿ.

"ಜೀಪು," ಎಂದಳು ಅತ್ತಿಗೆ. ನೋವಿನಲ್ಲಿ ಅವಳ ಹಲ್ಲು ಕಟಕಟನೆ ಬಡಿಯುತ್ತಿತ್ತು. "ಕುಂಞಿ ಮೋನುವನ್ನು ಕರೀರಿ. ಪುತ್ತೂರಿಗೆ... ಬೇಗ."

"ಯಾರೂ ಎಲ್ಲಿಗೂ ಹೋಗುದು ಬೇಡ," ಎಂದ ಡೊಂಬಯ್ಯ. "ಮದ್ದು ಇಳಿಯುವಾಗ ಹೀಗೆ ಆಗ್ತದೆ. ಈಗ ಎಬ್ಬಿಸಿದರೆ ಒಳಗೇ ಉಳೀತದೆ."

ಮಾವ ಬಾಗಿಲಿನಲ್ಲಿ ಕೈ ಅಡ್ಡ ಹಾಕಿ ನಿಂತರು. ಅಮ್ಮ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇಳೀತದೆ ಮಗಾ, ಇಳೀತದೆ" ಎನ್ನುತ್ತಿದ್ದಳು. ಅಣ್ಣನ ಉಸಿರು ಬಿಟ್ಟು ಬಿಟ್ಟು ಬರುತ್ತಿತ್ತು. ಅತ್ತಿಗೆ ನನ್ನನ್ನು ನೋಡಿದಳು. ಅವನು ಹೋದರೆ ತಾನೂ ಸೀತುವೂ ಎಲ್ಲಿಗೆ ಎಂಬುದೇ ಆ ಕಣ್ಣಲ್ಲಿತ್ತು.

ಹುಟ್ಟಿದ ಮೇಲೆ ನಾನು ಅಮ್ಮನ ಮಾತು ಮೀರಿ ಹೊಸ್ತಿಲು ದಾಟಿದವಳಲ್ಲ. ನನ್ನಿಂದ ಆಗದು ಎಂದು ನನಗೆ ಗೊತ್ತಿತ್ತು. ಬೇರೆ ಯಾರಾದರೂ ನನ್ನಿಂದ ಮಾಡಿಸಬೇಕಿತ್ತು.

ಮಣೆಯ ಮೇಲೆ ಚಟ್ನಿಯ ಬಟ್ಟಲು ಇತ್ತು. ಬೆಳಿಗ್ಗೆ ಕಡೆದದ್ದರಲ್ಲಿ ಅರ್ಧ ಉಳಿದಿತ್ತು. ಅದನ್ನು ಎತ್ತಿಕೊಂಡು ಎಲ್ಲರ ಮುಂದೆ ಮುಷ್ಟಿಯಲ್ಲಿ ಗೋರಿ ಗೋರಿ ಬಾಯಿಗೆ ತುಂಬಿಕೊಂಡೆ. ಬೆಳ್ಳುಳ್ಳಿ ಮೂಗಿಗೆ ಏರಿತು. ಬಟ್ಟಲು ನೆಕ್ಕಿದೆ.

"ಗೂಡೇ!" ಎಂದು ಅಮ್ಮ ಕಿರುಚಿದಳು. "ಉಗುಳು! ಉಗುಳು ಅದನ್ನು!"

"ತಿಂದಾಯ್ತು," ಎಂದೆ. "ಇನ್ನು ನಾನು ಅತ್ತಿಗೆ ಹೇಳಿದ್ದನ್ನೇ ಕೇಳುದು. ಹೇಳು ಅತ್ತಿಗೆ."

ಅವಳಿಗೆ ಅರ್ಥವಾಯಿತು. ನೆಲದಿಂದಲೇ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು: "ಕತ್ತಿ ತಕ್ಕೋ. ಯಾರು ಅಡ್ಡ ಬಂದರೂ ನಿಲ್ಲಬೇಡ. ಜೀಪು ಕರಕೊಂಡು ಬಾ."

ಟ್ಯಾಪಿಂಗ್ ಕತ್ತಿ ತಲೆಯ ಮೇಲಿನ ಮಾಡಿಗೆ ಸಿಕ್ಕಿಸಿತ್ತು. ಡೊಂಬಯ್ಯ ನನ್ನ ಕಣ್ಣು ನೋಡಿ ಗೋಡೆಯ ಬದಿಗೆ ಸರಿದ. ಮಾವ ಸರಿಯಲಿಲ್ಲ. "ಹೋಗೇ ಒಳಗೆ," ಎಂದು ಕೈ ಚಾಚಿದರು. ಮರದ ತೊಗಟೆಯನ್ನು ಎಷ್ಟು ಆಳಕ್ಕೆ ಕೊಯ್ಯಬೇಕು ಎಂದು ನನ್ನ ಕೈಗೆ ಗೊತ್ತು. ಅದಕ್ಕಿಂತ ಆಳ ಹೋದರೆ ಮರ ಕೆಡುತ್ತದೆ. ಮಾವನ ಮುಂಗೈಯಲ್ಲಿ ನಾನು ಅಲ್ಲಿಗೆ ನಿಲ್ಲಿಸಲಿಲ್ಲ. ಮೊಣಕೈಯ ಕೆಳಗಿನಿಂದ ಮಣಿಗಂಟಿನವರೆಗೆ ಓರೆಯಾಗಿ ಎಳೆದೆ. ಅವರು ಕೂಗಿ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತರು. ನಾನು ಅವರ ಕಾಲು ದಾಟಿ ಓಡಿದೆ.

ಅದು ಮದ್ದಲ್ಲ ಎಂದು ನನಗೆ ಖಚಿತವಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಓಡುವಾಗ ನನ್ನ ಕಾಲು ನನ್ನದಾಗಿರಲಿಲ್ಲ ಎಂದಷ್ಟೇ ಹೇಳಬಲ್ಲೆ.

ಕುಂಞಿ ಮೋನು ಕೂಡಲೇ ಜೀಪು ತಂದ. ಅಣ್ಣನನ್ನೂ ಅತ್ತಿಗೆಯನ್ನೂ ಹಿಂದೆ ಮಲಗಿಸಿದೆವು. ಅತ್ತಿಗೆಯ ಕೈಗೆ ನೆಬೀಸಕ್ಕ ತನ್ನ ತಲೆಯ ಬಟ್ಟೆ ಬಿಚ್ಚಿ ಸುತ್ತಿದಳು. ಅಣ್ಣ ಬದುಕಿದ. ಅತ್ತಿಗೆಯ ಎರಡು ಬೆರಳು ತೆಗೆದರು.

ಡಾಕ್ಟರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಹೃದಯದ ಕಾಯಿಲೆಯವನಿಗೆ ಕಾರಿಸಿದ್ದು ಯಾರು? ಪೋಲೀಸಿಗೆ ಕೊಡಬೇಕು ನಿಮ್ಮನ್ನೆಲ್ಲ," ಎಂದು ಕೂಗಾಡಿದರು. ಎಣ್ಣೆಯ ವಿಷಯ ನಾನೇ ಕೇಳಿದೆ. ಅದು ಆಲಿವ್ ಎಂಬ ಕಾಯಿಯನ್ನು ಹಿಂಡಿ ತೆಗೆದದ್ದು, ಆ ಕಡೆಯ ಜನ ಸಾವಿರಾರು ವರ್ಷದಿಂದ ತಿನ್ನುತ್ತಿದ್ದಾರೆ, ಮೂರು ತಿಂಗಳಲ್ಲಿ ಅಣ್ಣನ ಬಿಪಿ ಇಳಿಯುತ್ತಾ ಬಂದದ್ದು ತನ್ನ ಚೀಟಿಯಲ್ಲೇ ಉಂಟು ಎಂದು ತೋರಿಸಿದರು. ಬಿಡದೆ ಕೊಡಿ ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. "ಅದು ಒಂದು ಕಾಯಿ ಅಮ್ಮ. ಡಾಕ್ಟ್ರೇ ಹೇಳಿದ್ದು."

ಅಮ್ಮ ನನ್ನಿಂದ ಎರಡು ಹೆಜ್ಜೆ ದೂರ ನಿಂತಿದ್ದಳು. "ಡಾಕ್ಟ್ರಿಗೂ ತಿನ್ನಿಸಿದ್ದಾಳೆ," ಎಂದಳು.

ಅಣ್ಣ ಮತ್ತೆ ಆ ಚಟ್ನಿ ಮುಟ್ಟಲಿಲ್ಲ, ಅತ್ತಿಗೆ ಕೊಟ್ಟ ನೀರೂ ಕುಡಿಯಲಿಲ್ಲ. ಅವಳ ಮೇಲೆ ಕೈ ಎತ್ತಲೂ ಇಲ್ಲ. ಅವಳು ಒಂದು ಬಾಗಿಲಿನಿಂದ ಬಂದರೆ ಅವನು ಇನ್ನೊಂದರಿಂದ ಹೋಗುತ್ತಿದ್ದ. ಅಮ್ಮ ಬೇರೆ ಒಲೆ ಹೂಡಿ ಮಗನಿಗೆ ಅವನ ಇಷ್ಟದ್ದೆಲ್ಲ ಮಾಡಿ ಹಾಕಿದಳು: ಹುರಿದ ಹಂದಿ, ತುಪ್ಪ ತೇಲುವ ಸಾರು, ಎಣ್ಣೆಯಲ್ಲಿ ಮುಳುಗಿಸಿ ತೆಗೆದ ಮೀನು. ಸಾರಾಯಿಯೂ ಬಂತು. "ತಿನ್ನು ಮಗಾ, ಸೊರಗಿದ್ದೀ," ಎನ್ನುತ್ತಿದ್ದಳು. ಅತ್ತಿಗೆ ಮೂರು ಬೆರಳಲ್ಲಿ ಗುಂಡು ತಿರುಗಿಸಲು ಕಲಿತಳು. ಎಣ್ಣೆ ಮುಗಿದಾಗ ಕುಂಞಿ ಮೋನು ಸೌದಿಯಿಂದ ಬರುವವರ ಕೈಯಲ್ಲಿ ಹೊಸ ಡಬ್ಬಿ ತರಿಸಿ ಕೊಡುತ್ತಿದ್ದ. ದಿನವೂ ಅವನ ತಟ್ಟೆಗೆ ಒಂದು ಚಮಚ ಹಸಿರು ಇಡುತ್ತಿದ್ದಳು, ಅಮ್ಮ ಅದನ್ನು ಬೂದಿಗೆ ಎಸೆಯುತ್ತಿದ್ದಳು. ಉಳಿದದ್ದನ್ನು ಅತ್ತಿಗೆ, ಸೀತು, ನಾನು ತಿನ್ನುತ್ತಿದ್ದೆವು.

ಎಂಬತ್ತೈದರ ದೀಪಾವಳಿ ಕಳೆದು ನಾಲ್ಕನೇ ದಿನ, ಮಧ್ಯಾಹ್ನ, ಅಮ್ಮ ಬಡಿಸಿದ ತಟ್ಟೆಯ ಮೇಲೆ ಅಣ್ಣ ಮುಖ ಅಡಿಯಾಗಿ ಬಿದ್ದ. ಕುಂಞಿ ಮೋನುವಿನ ಜೀಪು ಬರುವ ಮೊದಲೇ ಮುಗಿದಿತ್ತು. ಅವನಿಗೆ ಮೂವತ್ತೇಳು.

ಅತ್ತಿಗೆ ಎರಡು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಹನ್ನೊಂದನೇ ದಿನದ ಕ್ರಿಯೆ ಮುಗಿದ ಮರುದಿನ ಜಗಲಿ ಹತ್ತಿತು. ಮೈಲಪ್ಪ ಮಾವ ಮುಂಗೈಯ ಗಾಯದ ಕಲೆಯನ್ನು ಶಾಲಿನಲ್ಲಿ ಮುಚ್ಚಿಕೊಂಡು ಕೂತರು. ಒಳಗೆ ನೋಡದೆ, ಕಂಬಕ್ಕೆ ಹೇಳುವಂತೆ ಹೇಳಿದರು: "ಇನ್ನು ಅವಳಿಗೆ ಇಲ್ಲಿ ಎಂತ ಕೆಲಸ? ಮಗಳನ್ನು ಕರಕೊಂಡು ಹೊರಡಲಿ. ಎರಡು ಗಂಟೆಯ ಬಸ್ಸುಂಟು."

ಅತ್ತಿಗೆ ಅಳಲಿಲ್ಲ. ಬಾಳೆ ಎಲೆ ತಂದು ಮಾವನ ಮುಂದೆ ಹಾಸಿದಳು. ನೀರು ಚಿಮುಕಿಸಿದಳು. ಮೂರು ಬೆರಳಿನ ಕೈಯಲ್ಲಿ ಅನ್ನ ಬಡಿಸಿದಳು, ಸಾರು ಹಾಕಿದಳು.

"ಊಟ ಮಾಡಿ ಮಾವ. ಆಮೇಲೆ ಮಾತಾಡುವ."

ಮಾವ ಎಲೆಯನ್ನು ನೋಡಿದರು. ಬರೀ ಅನ್ನ, ಹುರುಳಿಯ ಸಾರು. ಕೂತಲ್ಲೇ ಒಂದು ಗೇಣು ಹಿಂದೆ ಸರಿದರು.

"ಹಸಿವಿಲ್ಲ."

"ದೂರದಿಂದ ಬಂದಿದ್ದೀರಿ. ಒಂದು ಲೋಟ ನೀರಾದರೂ?"

"ಬೇಡ ಅಂದೆನಲ್ಲ!"

"ನೀವು ನನ್ನ ಕೈಯ ನೀರು ಮುಟ್ಟುವವರೆಗೆ ನಾನು ಹೊರಡುದು ಹೇಗೆ ಮಾವ?" ಅತ್ತಿಗೆ ಅಲ್ಲೇ ಎದುರು ಕೂತಳು. "ಹೆಣ್ಣುಮಗಳನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರು ಅಂತ ನಿಮ್ಮ ಮೇಲೆ ಮಾತು ಬರುದು ಬೇಡ. ನೀವು ಉಣ್ಣಿ, ನಾನೂ ಉಣ್ತೇನೆ, ಮತ್ತೆ ಬಸ್ಸಿಗೆ ಹೋಗ್ತೇನೆ. ಇವತ್ತು ಆಗದಿದ್ದರೆ ನಾಳೆ. ನಾಳೆ ಸಹ ಬಡಿಸ್ತೇನೆ."

ಮಾವ ಅಮ್ಮನ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಅತ್ತಿಗೆಯ ಹಿಂದೆ ನಿಂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ, ಆದರೂ ಅವರು ಕೈಯನ್ನು ಶಾಲಿನೊಳಗೆ ಇನ್ನಷ್ಟು ಎಳೆದುಕೊಂಡರು. ಸಾರು ಅನ್ನದಿಂದ ಇಳಿದು ಎಲೆಯ ತುದಿಗೆ ಬಂತು. ಅವರು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದರು. ಎರಡು ಗಂಟೆಯ ಬಸ್ಸಿಗೆ ಹೋದವರು ಅವರೇ.

ಅಮ್ಮ ಬಾಗಿಲಿಗೆ ಒರಗಿ ತುಂಬಾ ಹೊತ್ತು ನಿಂತಿದ್ದಳು. ಮಗ ಸತ್ತಂದಿನಿಂದ ಅವಳ ಒಲೆ ಉರಿದಿರಲಿಲ್ಲ. ನೆರೆಯವರು ತಂದುಕೊಟ್ಟ ಗಂಜಿಯಲ್ಲಿ ಹನ್ನೊಂದು ದಿನ ಕಳೆದಿದ್ದಳು. ಕೊನೆಗೆ ಗೋಡೆ ಹಿಡಿದುಕೊಂಡು ಬಂದು, ತಮ್ಮ ಬಿಟ್ಟು ಹೋದ ಎಲೆಯ ಮುಂದೆ ಕೂತಳು. ಒಂದು ತುತ್ತು ಕಲಸಿದಳು. ಕೈ ಬಾಯಿಯ ಹತ್ತಿರ ನಿಂತಿತು. ಕಣ್ಣು ಮುಚ್ಚಿ ನುಂಗಿದಳು.

ಅತ್ತಿಗೆ ನೀರಿನ ಲೋಟವನ್ನು ಅವಳ ಹತ್ತಿರ ಸರಿಸಿದಳು.

"ಸೇವಂತಿ," ಎಂದಳು ಅಮ್ಮ. ಎರಡು ವರ್ಷದಲ್ಲಿ ಅವಳು ಆ ಹೆಸರು ಹೇಳಿದ್ದು ಅದೇ ಮೊದಲು. "ಸಾರಿಗೆ ಉಪ್ಪು ಕಮ್ಮಿ ಉಂಟು."